ಇಂಟರ್ನೆಟ್ ಕಂಪನಿ ಬದಲಾಯಿಸಿದ ದಿನ ಕಾಣೆಯಾದ ನ್ಯಾಸ್: ಸಿನಾಲಜಿ ಡಿಎಸ್220ಜೆ, ನಾಲ್ಕು ವರ್ಷದ ಬಳಕೆಯ ಮೇಲೆ

ಸಾಗರದ ನಮ್ಮ ಮನೆಯಲ್ಲಿ ಟಿವಿ ಪಕ್ಕದ ಗೂಡಿನಲ್ಲಿ ಒಂದು ಬಿಳಿ ಪೆಟ್ಟಿಗೆ ಇದೆ. ಸಿನಾಲಜಿ ಡಿಎಸ್220ಜೆ ಅಂತ ಅದರ ಹೆಸರು. ಇಂಥದ್ದನ್ನು ನ್ಯಾಸ್ ಅಂತಾರೆ. ಮನೆಯ ವೈಫೈಗೆ ಸೇರಿದ ಎಲ್ಲ ಫೋನು, ಲ್ಯಾಪ್‌ಟಾಪುಗಳಿಗೂ ಒಟ್ಟಿಗೆ ಸಿಗುವ ಹಾರ್ಡ್ ಡಿಸ್ಕ್ ಅಂದುಕೊಂಡರೆ ಸಾಕು. 2021ರಲ್ಲಿ ತಗೊಂಡೆ. ನಾಲ್ಕು ವರ್ಷ ಇದರ ಬಗ್ಗೆ ಬರೆಯಬೇಕು ಅನ್ನಿಸಲೇ ಇಲ್ಲ, ಅಷ್ಟು ಸುಮ್ನೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿತ್ತು. ಕಳೆದ ಜೂನ್‌ನಲ್ಲಿ ಮನೆಯ ಇಂಟರ್ನೆಟ್ ಬೇರೆ ಕಂಪನಿಗೆ ಬದಲಾಯಿಸಿದೆವು. ಅವತ್ತು ಸಂಜೆಯಿಂದ ಮೂರು ದಿನ ನಾನು ಪಟ್ಟ ಸಂಕಟ ಇನ್ನೊಬ್ಬರಿಗೆ ಬೇಡ ಅಂತ ಈಗ ಬರೆಯುತ್ತಿದ್ದೇನೆ.

ಮೊದಲು, ಆ ಪೆಟ್ಟಿಗೆಯಲ್ಲಿ ಏನಿದೆ ಅಂತ ಹೇಳಬೇಕು.

ನಮ್ಮಪ್ಪ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದರು. ತಾಳಮದ್ದಳೆ (ವೇಷ ಕಟ್ಟದೆ ಕೂತು, ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ) ಅಂದರೆ ಪ್ರಾಣ. ಹೊಸನಗರ, ಸಿದ್ದಾಪುರ, ತೀರ್ಥಹಳ್ಳಿ, ಎಲ್ಲಿ ಕೂಟ ಇದ್ದರೂ ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಹೊರಡುತ್ತಿದ್ದರು. ಚೀಲದಲ್ಲಿ ಬ್ಯಾಟರಿ ಸೆಲ್ಲು, ಖಾಲಿ ಕ್ಯಾಸೆಟ್ಟು. ಭಾಗವತರ ಎದುರು ಕಂಬಳಿ ಮೇಲೆ ಕೂತು ಬೆಳಗಿನ ಜಾವದವರೆಗೂ ರೆಕಾರ್ಡ್ ಮಾಡುತ್ತಿದ್ದರು. ಪ್ರತಿ ಕ್ಯಾಸೆಟ್ ಶುರುವಿನಲ್ಲೂ ಅವರ ದನಿ ಇದೆ. ತಾರೀಕು, ಊರು, ಯಾರ ಮನೆಯ ಅಂಗಳ, ಮದ್ದಳೆ ಯಾರು, ಅರ್ಥ (ಪಾತ್ರದ ಮಾತು) ಯಾರದ್ದು, ಎಲ್ಲ ಹೇಳಿ ಒಂದು ಸಲ ಕೆಮ್ಮಿ ಸುಮ್ಮನಾಗುತ್ತಾರೆ. ಆಮೇಲೆ ಚೆಂಡೆ. 1983ರಿಂದ 2001ರವರೆಗಿನ ಒಟ್ಟು 214 ಕ್ಯಾಸೆಟ್ಟು. ಅಪ್ಪ ಹೋಗಿದ್ದು 2019ರಲ್ಲಿ.

ಮಲೆನಾಡಿನ ತಂಡಿಗೆ ಕ್ಯಾಸೆಟ್ಟು ಬಾಳುವುದಿಲ್ಲ. ಕಪಾಟು ತೆರೆದು ನೋಡಿದಾಗ ಎಷ್ಟೋ ರೀಲುಗಳ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಕೆಲವು ಒಂದೇ ಒಂದು ಸಲ ಓಡಿ, ಕೊನೆಯಲ್ಲಿ ಪಟ್ಟಂತ ತುಂಡಾದವು. ಹಾಗಾಗಿ ಕಂಪ್ಯೂಟರಿಗೆ ಇಳಿಸುವ ಕೆಲಸ ಹಿಡಿದುಕೊಂಡೆ. ನಾನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳು, ಸಮಯ ಸಿಗುವುದು ಭಾನುವಾರ, ರಜೆಯಲ್ಲಿ. 90 ನಿಮಿಷದ ಒಂದು ಕ್ಯಾಸೆಟ್ಟನ್ನು ಏನೂ ಕುಗ್ಗಿಸದೆ ವೇವ್ ಫೈಲ್ ಮಾಡಿದರೆ ಹೆಚ್ಚು ಕಡಿಮೆ 950 ಎಂಬಿ ಆಗುತ್ತದೆ. ಎಲ್ಲ ಸೇರಿ 200 ಜಿಬಿ. ಜೊತೆಗೆ ಮನೆಯವರೆಲ್ಲರ ಫೋಟೊ, ವಿಡಿಯೊ. ಇದನ್ನೆಲ್ಲ ಒಂದು ಲ್ಯಾಪ್‌ಟಾಪಿನಲ್ಲಿ ಇಟ್ಟು ನಿದ್ದೆ ಮಾಡೋದು ಹೇಗೆ?

ಅಕ್ಕನ ಮಗ ಹೇಳಿದ, "ಚಿಕ್ಕಿ, ಎರಡು ಡಿಸ್ಕ್ ಹಾಕುವ ನ್ಯಾಸ್ ತಗೋ. ಒಂದು ಹೋದರೂ ಇನ್ನೊಂದರಲ್ಲಿ ಇರುತ್ತೆ." ಅವನು ಈಗ ಮ್ಯೂನಿಕ್‌ನಲ್ಲಿ ಓದುತ್ತಿದ್ದಾನೆ. ಅಜ್ಜನ ಕ್ಯಾಸೆಟ್ಟುಗಳಿಗೆ ನನ್ನ ನಂತರದ ವಾರಸುದಾರ ಅವನೇ. ಪೆಟ್ಟಿಗೆ ಮತ್ತು 4 ಟಿಬಿಯ ಎರಡು ಡಿಸ್ಕ್ ಸೇರಿ 36 ಸಾವಿರದ ಹತ್ತಿರ ಬಿತ್ತು. ನನ್ನ ಮಟ್ಟಿಗೆ ದೊಡ್ಡ ಮೊತ್ತವೇ.

ಪೆಟ್ಟಿಗೆಯೊಳಗಿನ ಲೆಕ್ಕಾಚಾರ ಹೀಗಿದೆ. 1.4 ಗಿಗಾಹರ್ಟ್ಸ್‌ನ ನಾಲ್ಕು ಕೋರಿನ ಪ್ರೊಸೆಸರ್, 512 ಎಂಬಿ ಮೆಮೊರಿ. ಈ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಹಿಂದೆ ಒಂದೇ ಒಂದು ಲ್ಯಾನ್ ಪೋರ್ಟ್ (ರೂಟರಿನ ವೈರು ಚುಚ್ಚುವ ತೂತು), ಎರಡು ಯುಎಸ್‌ಬಿ. ವೈಫೈ ಇಲ್ಲ. ಮುಂದೆ ನಾಲ್ಕು ಪುಟ್ಟ ದೀಪ: ಸ್ಟೇಟಸ್, ಲ್ಯಾನ್, ಡಿಸ್ಕ್ 1, ಡಿಸ್ಕ್ 2. ಹಾಡು ಕೇಳಲು, ಫೋಟೊ ಇಡಲು, ಫೈಲ್ ಹಂಚಿಕೊಳ್ಳಲು ಇದು ಸಾಕು. ಸಿನಿಮಾಗಳನ್ನು ಟಿವಿಗೆ ತಕ್ಕಂತೆ ಪರಿವರ್ತಿಸಿ ತೋರಿಸುವಂಥ ಭಾರೀ ಕೆಲಸಕ್ಕೆ ಮಾಡಿದ ಪೆಟ್ಟಿಗೆ ಇದಲ್ಲ. ಆ ಆಸೆ ಇದ್ದರೆ ಮೇಲಿನ ಮಾಡೆಲ್ ನೋಡಿ. 2023ರಲ್ಲಿ ಇದರ ತಂಗಿ ಡಿಎಸ್223ಜೆ ಬಂತು, ಅದರಲ್ಲಿ ಮೆಮೊರಿ 1 ಜಿಬಿ. ಈಗ ಕೊಳ್ಳುವವರು ಅದನ್ನೇ ನೋಡುವುದು ಒಳ್ಳೆಯದು. ಕೆಳಗೆ ಬರೆದದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಇನ್ನು ಜೂನ್ ಕಥೆ.

ಶನಿವಾರ ಮಧ್ಯಾಹ್ನ, ಹೊರಗೆ ಜಡಿಮಳೆ. ಹೊಸ ಕಂಪನಿಯ ಇಬ್ಬರು ಹುಡುಗರು ಒದ್ದೆ ರೈನ್‌ಕೋಟಿನಲ್ಲೇ ಬಂದು ಫೈಬರ್ ಎಳೆದರು. ಗೋಡೆಗೆ ಹೊಸ ವೈಫೈ ಬಾಕ್ಸ್ ಹೊಡೆದರು. ಹಳೇ ರೂಟರ್ ಕಿತ್ತು ನನ್ನ ಕೈಗೆ ಕೊಟ್ಟರು. ನ್ಯಾಸ್‌ನ ವೈರು ತೋರಿಸಿ ಇದನ್ನೂ ಹಾಕಿ ಅಂದೆ. ಖಾಲಿ ಇದ್ದ ಒಂದು ತೂತಿಗೆ ಚುಚ್ಚಿದರು. ಫೋನಿನಲ್ಲಿ ವಿಡಿಯೊ ಓಡಿಸಿ ತೋರಿಸಿ, "ಆಯ್ತು ಮೇಡಂ, ಒಳ್ಳೇ ಸ್ಪೀಡ್ ಇದೆ" ಅಂದು ಹೊರಟರು. ಇಪ್ಪತ್ತು ನಿಮಿಷದ ಕೆಲಸ.

ಸಂಜೆ ಆ ವಾರ ಇಳಿಸಿದ ಕ್ಯಾಸೆಟ್ಟು ಸೇರಿಸೋಣ ಅಂತ ಲ್ಯಾಪ್‌ಟಾಪ್ ತೆರೆದರೆ ನ್ಯಾಸ್ ಕಾಣಿಸುವ ಜಡ್ ಡ್ರೈವ್ ಮೇಲೆ ಕೆಂಪು ಗುರುತು. ನ್ಯಾಸ್‌ನ ವಿಳಾಸ ನನಗೆ ಬಾಯಿಪಾಠ, 192.168.1.50. ಬ್ರೌಸರಿನಲ್ಲಿ ಹೊಡೆದೆ. ಚಕ್ರ ತಿರುಗಿ ತಿರುಗಿ, ಈ ಪುಟ ಸಿಗುತ್ತಿಲ್ಲ ಅಂತ ಬಂತು. ಫೋನಿನಲ್ಲಿ ಡಿಎಸ್ ಆಡಿಯೊ ಆ್ಯಪ್ ತೆರೆದೆ, ಸಂಪರ್ಕ ಸಾಧ್ಯವಾಗಲಿಲ್ಲ ಅಂತು. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದೆ. ಎಂದಿನಂತೆ ಒಂದು ಉದ್ದ ಬೀಪ್ ಕೊಟ್ಟಿತು. ನಾಲ್ಕೂ ದೀಪ ಹಸಿರು. ಆದರೆ ಯಾವುದರಿಂದಲೂ ಕಾಣುತ್ತಿಲ್ಲ.

ಆ ನಾಲ್ಕು ಹಸಿರು ದೀಪಗಳನ್ನು ನಾನು ಅವತ್ತೇ ನಂಬಬೇಕಿತ್ತು. ಡಿಸ್ಕ್ ಹಾಳಾಗಿದ್ದರೆ ಸ್ಟೇಟಸ್ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ ಮಿಟುಕುತ್ತದೆ, ಪೆಟ್ಟಿಗೆ ಬೀಪ್ ಮಾಡಿ ಕರೆಯುತ್ತದೆ. ಎಲ್ಲ ಹಸಿರು ಅಂದರೆ ಒಳಗೆ ಎಲ್ಲ ಸರಿಯಾಗಿದೆ, ತೊಂದರೆ ದಾರಿಯಲ್ಲಿದೆ ಅಂತ. ಆ ಹೊತ್ತಿಗೆ ಅದು ತಲೆಗೆ ಹೋಗಲಿಲ್ಲ. ಮ್ಯೂನಿಕ್‌ಗೆ ಫೋನ್ ಮಾಡಿದರೆ ಅವನು ಗೆಳೆಯರ ಜೊತೆ ಬೆಟ್ಟ ಹತ್ತಲು ಹೋಗಿದ್ದ, ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ತಡೆಯಲಾಗದೆ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ, ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಸ್ಕ್ರೂ ಬಿಚ್ಚಿ ಒಂದು ಡಿಸ್ಕ್ ತೆಗೆದು ತಮ್ಮ ಕಂಪ್ಯೂಟರಿಗೆ ಹಾಕಿದರು. ವಿಂಡೋಸ್‌ನಲ್ಲಿ ಡಿಸ್ಕ್ ಇದೆ ಅಂತ ಬಂತು, ಒಳಗಿನ ಒಂದು ಫೈಲೂ ತೆರೆಯಲಿಲ್ಲ. "ಡೇಟಾ ಹೋಗಿದೆ ಮೇಡಂ. ಫಾರ್ಮ್ಯಾಟ್ ಮಾಡಿ ಕೊಡ್ತೀನಿ, ಪೆಟ್ಟಿಗೆ ಹೊಸದರ ಥರ ಆಗುತ್ತೆ" ಅಂದರು.

ನನ್ನ ಕೈ ತಣ್ಣಗಾಯಿತು. ಯಾಕೆ ಅಂದ್ರೆ, ನ್ಯಾಸ್‌ನ ಇನ್ನೊಂದು ಪ್ರತಿ ನನ್ನ ಹತ್ತಿರ ಇತ್ತು, ಆದರೆ ಫೆಬ್ರವರಿಯದ್ದು. ಯುಎಸ್‌ಬಿ ಡಿಸ್ಕಿಗೆ ಕಾಪಿ ಮಾಡಿ ಶಿವಮೊಗ್ಗದ ಅಕ್ಕನ ಮನೆಯಲ್ಲಿ ಇಟ್ಟಿದ್ದೆ. ಆಮೇಲೆ ಬೇಸಿಗೆ ರಜೆಯಲ್ಲಿ ಇಳಿಸಿದ 41 ಕ್ಯಾಸೆಟ್ಟು ಇರುವುದು ಈ ಪೆಟ್ಟಿಗೆಯಲ್ಲಿ ಮಾತ್ರ. ಅದರಲ್ಲಿ ಆರು ರೀಲು ಇಳಿಸುವಾಗಲೇ ತುಂಡಾಗಿದ್ದವು. ಒಂದರಲ್ಲಿ ವಾಲಿ ಸುಗ್ರೀವರ ಜಗಳದ ಪ್ರಸಂಗ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವ ಜಾಗದಲ್ಲಿ, ಅರ್ಥಧಾರಿ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಅಪ್ಪ ಮೆಲ್ಲಗೆ "ಅಯ್ಯೋ" ಅಂದದ್ದು ಟೇಪಿಗೆ ಬಿದ್ದಿದೆ.

"ಬೇಡ. ಡಿಸ್ಕ್ ಇದ್ದ ಜಾಗಕ್ಕೇ ಹಾಕಿಕೊಡಿ" ಅಂದೆ. ಅವರಿಗೆ ಬೇಸರವಾಯಿತು ಅನ್ನಿಸುತ್ತೆ. ಆಗಲಿ. ಆ ಒಂದು 'ಬೇಡ'ದಿಂದ 41 ಕ್ಯಾಸೆಟ್ಟು ಉಳಿದವು.

ಅಲ್ಲಿ ನಡೆದದ್ದು ಏನು ಅಂತ ಆಮೇಲೆ ತಿಳಿಯಿತು. ಸಿನಾಲಜಿ ಪೆಟ್ಟಿಗೆಯ ಒಳಗೆ ಓಡುವುದು ಲಿನಕ್ಸ್. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸುವುದೂ ಲಿನಕ್ಸಿನ ರೀತಿಯಲ್ಲೇ, ಅದೂ ಎರಡು ಡಿಸ್ಕ್ ಒಂದಕ್ಕೊಂದು ಕನ್ನಡಿಯಾಗುವ ಹಾಗೆ. ವಿಂಡೋಸ್ ಕಂಪ್ಯೂಟರಿಗೆ ಅದನ್ನು ಹಾಗೇ ಓದಲು ಬರುವುದಿಲ್ಲ. ಓದಲು ಬರದವನ ಕೈಗೆ ಮೋಡಿ ಲಿಪಿಯ ಹಳೇ ಕಡತ ಕೊಟ್ಟರೆ ಅವನು ಖಾಲಿ ಗೀಚು ಅಂತಾನಲ್ಲ, ಹಾಗೆ. ಡಿಸ್ಕ್ ಹಾಳಾಗಿರಲೇ ಇಲ್ಲ. ದಯವಿಟ್ಟು ಇದೊಂದು ನೆನಪಿಡಿ. ನ್ಯಾಸ್ ಡಿಸ್ಕನ್ನು ವಿಂಡೋಸ್‌ಗೆ ಹಾಕಿ, ಫೈಲ್ ಕಾಣುತ್ತಿಲ್ಲ ಅಂತ ಯಾರಾದರೂ ಫಾರ್ಮ್ಯಾಟ್ ಮಾಡುತ್ತೇನೆ ಅಂದರೆ ಒಪ್ಪಲೇಬೇಡಿ. ಪೆಟ್ಟಿಗೆ ಆಫ್ ಆಗಿದ್ದಾಗಲೇ ಡಿಸ್ಕ್ ತೆಗೆದು, ಆನ್ ಮಾಡುವ ಮೊದಲೇ ಅದೇ ಜಾಗಕ್ಕೆ ವಾಪಸ್ ಹಾಕಿದ್ದರಿಂದ ನನಗೆ ಏನೂ ತೊಂದರೆ ಆಗಲಿಲ್ಲ.

ಸೋಮವಾರ ಸಂಜೆ ಅಕ್ಕನ ಮಗ ಸಿಕ್ಕಿದ. ಅವನಿಗೆ ಆಗ ಮಧ್ಯಾಹ್ನ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಚಿಕ್ಕಿ, ಹೊಸ ವೈಫೈಗೆ ಸೇರಿದ ನಿನ್ನ ಫೋನಿನ ಐಪಿ ಎಷ್ಟು?" ಸೆಟ್ಟಿಂಗ್ಸ್‌ನಲ್ಲಿ ನೋಡಿ ಹೇಳಿದೆ, 192.168.0.103. ಅವನು ನಕ್ಕ. "ಬೀದಿಯ ಹೆಸರೇ ಬದಲಾಗಿದೆ. ಪೆಟ್ಟಿಗೆ ಇನ್ನೂ ಹಳೇ ಬೀದಿಯಲ್ಲೇ ಕೂತಿದೆ."

ವಿಷಯ ಇಷ್ಟೇ. ಮನೆಯೊಳಗಿನ ಪ್ರತಿ ಸಾಧನಕ್ಕೂ ರೂಟರ್ ಒಂದು ವಿಳಾಸ ಕೊಡುತ್ತದೆ, ಐಪಿ ಅನ್ನುವುದು ಅದನ್ನೇ. ನಮ್ಮ ಹಳೇ ರೂಟರ್ ಕೊಡುತ್ತಿದ್ದದ್ದು 192.168.1 ಅಂತ ಶುರುವಾಗುವ ವಿಳಾಸ. ಹೊಸ ಬಾಕ್ಸ್ ಕೊಡುವುದು 192.168.0 ಅಂತ ಶುರುವಾಗುವಂಥದ್ದು. ಬೇರೆ ಸಾಧನಗಳೆಲ್ಲ ಹೊಸ ರೂಟರನ್ನು ಕೇಳಿ ಹೊಸ ವಿಳಾಸ ಪಡೆದವು. ನ್ಯಾಸ್ ಮಾತ್ರ ಕೇಳಲಿಲ್ಲ. ಯಾಕೆ ಅಂದರೆ, 2021ರಲ್ಲಿ ವಿಳಾಸ ಬದಲಾಗದೆ ಇರಲಿ ಅಂತ ನಾನೇ ಪೆಟ್ಟಿಗೆಯೊಳಗೆ 192.168.1.50 ಅಂತ ಬರೆದು ಗಟ್ಟಿ ಮಾಡಿದ್ದೆ. ಅದು ನಾಲ್ಕು ವರ್ಷ ನನ್ನ ಮಾತು ಉಳಿಸಿಕೊಂಡಿತ್ತು. ಲ್ಯಾನ್ ದೀಪ ಹಸಿರಾಗಿದ್ದದ್ದೂ ಸರಿಯೇ. ವೈರು ಸೇರಿದೆ ಅನ್ನುವುದಷ್ಟೇ ಆ ದೀಪದ ಅರ್ಥ. ವಿಳಾಸ ಹೊಂದಿದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ.

ಇದಕ್ಕೆ ಸುಲಭದ ಮದ್ದು ಹೊಸ ಬಾಕ್ಸಿನ ಒಳಗೆ ಹೋಗಿ ಅದರ ವಿಳಾಸವನ್ನೇ ಹಳೆಯ ಹಾಗೆ 192.168.1.1 ಮಾಡಿಬಿಡುವುದು. ಆಗ ನ್ಯಾಸ್ ಮುಟ್ಟುವುದೇ ಬೇಡ. ಆದರೆ ಆ ಬಾಕ್ಸಿನ ಅಡ್ಮಿನ್ ಪಾಸ್‌ವರ್ಡ್ ಹೊಸ ಕಂಪನಿಯವರು ಕೊಟ್ಟಿರಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಗ್ರಾಹಕರಿಗೆ ಅದರ ಅಗತ್ಯ ಇಲ್ಲ ಮೇಡಂ ಅಂದರು. ನಮ್ಮ ಮನೆ ಗೋಡೆಯ ಮೇಲಿರುವ ಪೆಟ್ಟಿಗೆಯ ಬೀಗ ನಮಗೆ ಬೇಡವಂತೆ. ನನಗೆ ಇದರ ಮೇಲೆ ಇನ್ನೂ ಸಿಟ್ಟು ಇದೆ.

ಇನ್ನೊಂದು ದಾರಿ, ಪೆಟ್ಟಿಗೆ ಹಿಂದಿನ ರಿಸೆಟ್ ಗುಂಡಿ. ಸಿನಾಲಜಿಯಲ್ಲಿ ಇದನ್ನು ನಾಲ್ಕು ಸೆಕೆಂಡು, ಒಂದು ಬೀಪ್ ಬರುವವರೆಗೆ ಒತ್ತಿ ಹಿಡಿದು ಬಿಟ್ಟರೆ ಅಡ್ಮಿನ್ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ಥರದ ಕೆಲವು ಮಾತ್ರ ಮೊದಲಿನ ಸ್ಥಿತಿಗೆ ಬರುತ್ತವೆ. ಫೈಲುಗಳನ್ನು ಅದು ಮುಟ್ಟುವುದಿಲ್ಲ. ಇದು ನನಗೆ ಈ ಪೆಟ್ಟಿಗೆಯಲ್ಲಿ ತುಂಬ ಹಿಡಿಸಿದ ಸಂಗತಿ. ಗಾಬರಿಯಲ್ಲಿ ಇರುವವರ ಕೈಗೆ ಇಂಥ ಗುಂಡಿ ಸಿಕ್ಕಿದರೆ ಎಲ್ಲ ಅಳಿಸಿಹೋಗಬಾರದು ಅಂತ ಯೋಚಿಸಿ ಮಾಡಿದ್ದಾರೆ. ಆದರೆ ಬೀಪ್ ಆದ ಮೇಲೆ ಹತ್ತು ಸೆಕೆಂಡಿನೊಳಗೆ ಮತ್ತೆ ಒತ್ತಿ ಹಿಡಿದರೆ ಅದು ಬೇರೆ ಕೆಲಸ, ಒಳಗಿನ ಸಾಫ್ಟ್‌ವೇರನ್ನೇ ಮತ್ತೆ ಹಾಕಿಸುವ ದಾರಿ. ಅವಸರದಲ್ಲಿ ಎರಡು ಸಲ ಒತ್ತಬೇಡಿ.

"ಗುಂಡಿ ಕೊನೆಗೆ ಇರಲಿ. ಮೊದಲು ವೈರ್ ಹಾಕಿ ನೋಡೋಣ" ಅಂದ ಅವನು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಲ್ಯಾನ್ ತೂತು ಇತ್ತು. ಧೂಳು ಊದಿ, ನ್ಯಾಸ್‌ನ ವೈರನ್ನು ವೈಫೈ ಬಾಕ್ಸಿನಿಂದ ಕಿತ್ತು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿದೆ. ಲ್ಯಾಪ್‌ಟಾಪಿನ ವೈಫೈ ಆಫ್. ಆಮೇಲೆ ಅವನು ಹೇಳಿದ ಹಾಗೆ ಲ್ಯಾನ್ ಸೆಟ್ಟಿಂಗ್‌ನಲ್ಲಿ ಐಪಿ 192.168.1.10, ಸಬ್‌ನೆಟ್ ಮಾಸ್ಕ್ 255.255.255.0 ಅಂತ ಕೈಯಾರೆ ಬರೆದೆ. ಅಂದರೆ ಲ್ಯಾಪ್‌ಟಾಪನ್ನು ಆ ಹಳೇ ಬೀದಿಗೇ ಕರೆದುಕೊಂಡು ಹೋದ ಹಾಗೆ. ಬ್ರೌಸರಿನಲ್ಲಿ 192.168.1.50:5000 ಹೊಡೆದೆ.

ಬಂತು. ಅದೇ ಲಾಗಿನ್ ಪುಟ. ಒಳಗೆ ಹೋಗಿ ಮೊದಲು ಮಾಡಿದ ಕೆಲಸ ಅಂದ್ರೆ ಆ ವಾಲಿಯ ಫೈಲ್ ತೆರೆದು ಕಿವಿಗೆ ಹಿಡಿದದ್ದು. ಫೋನಿನ ಆ ಕಡೆ ಅವನೂ ಸುಮ್ಮನೆ ಕೇಳಿಸಿಕೊಂಡ. "ಅಯ್ಯೋ" ಬಂದ ಮೇಲೆ ನಾವು ಮುಂದಿನ ಕೆಲಸಕ್ಕೆ ಹೋದೆವು.

ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್, ನೆಟ್‌ವರ್ಕ್ ಇಂಟರ್ಫೇಸ್, ಅಲ್ಲಿ ಲ್ಯಾನ್ ಆರಿಸಿ ಎಡಿಟ್. ಕೈಯಾರೆ ಬರೆದ ವಿಳಾಸ ತೆಗೆದು, ಡಿಎಚ್‌ಸಿಪಿ ಮೂಲಕ (ಅಂದರೆ ರೂಟರನ್ನು ಕೇಳಿ) ತಾನಾಗಿ ಪಡೆ ಅನ್ನುವ ಆಯ್ಕೆ ಒತ್ತಿದೆ. ಓಕೆ ಒತ್ತಿದ ಕೂಡಲೇ ಪುಟ ನಿಂತುಹೋಯಿತು. ಎದೆ ಧಸಕ್ಕೆಂದಿತು. ಆದರೆ ಅದು ಆಗಬೇಕಾದ್ದೇ. ಪೆಟ್ಟಿಗೆ ಹೊಸ ವಿಳಾಸ ಕೇಳುತ್ತಿದೆ, ಕೊಡಲು ಲ್ಯಾಪ್‌ಟಾಪಿಗೆ ಗೊತ್ತಿಲ್ಲ, ಅಷ್ಟೇ. ವೈರನ್ನು ವಾಪಸ್ ವೈಫೈ ಬಾಕ್ಸಿಗೆ ಹಾಕಿದೆ, ಲ್ಯಾಪ್‌ಟಾಪಿನ ಸೆಟ್ಟಿಂಗನ್ನೂ ಮೊದಲಿನ ಹಾಗೆ ಮಾಡಿದೆ. ಆಮೇಲೆ ಬ್ರೌಸರಿನಲ್ಲಿ ಫೈಂಡ್ ಡಾಟ್ ಸಿನಾಲಜಿ ಡಾಟ್ ಕಾಮ್ ಅಂತ ಹೊಡೆದರೆ ಮನೆಯೊಳಗಿನ ಪೆಟ್ಟಿಗೆಯನ್ನು ಅದೇ ಹುಡುಕಿ ತೋರಿಸಿತು. ಹೊಸ ವಿಳಾಸ 192.168.0.107. ಈ ಹುಡುಕುವ ಸೌಲಭ್ಯಕ್ಕೂ ಪೂರ್ತಿ ಅಂಕ ಕೊಡುತ್ತೇನೆ. ಪೆಟ್ಟಿಗೆಯ ಹಳೇ ವಿಳಾಸವೇ ಮರೆತುಹೋಗಿದ್ದರೆ ಏನು ಮಾಡೋದು ಅಂತ ಕೇಳುವವರಿಗೆ ನನ್ನ ಉತ್ತರ, ಆಗ ರಿಸೆಟ್ ಗುಂಡಿ. ಒಂದೇ ಬೀಪ್.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಇನ್ನೂ ಮೂರು ಗಂಟು ಬಿಚ್ಚಬೇಕಿತ್ತು.

ಒಂದು ಸಣ್ಣದು. ಲ್ಯಾಪ್‌ಟಾಪಿನಲ್ಲಿ ಕಾಣುವ ನ್ಯಾಸ್ ನನ್ನ ಫೋನಿನಲ್ಲಿ ಕಾಣುತ್ತಿರಲಿಲ್ಲ. ಆ ಹುಡುಗರು ಎರಡು ವೈಫೈ ಹೆಸರು ಮಾಡಿಕೊಟ್ಟಿದ್ದರು, ಒಂದು ಮನೆಯದ್ದು, ಒಂದು ಬಂದವರಿಗೆ. ನನ್ನ ಫೋನು ಬಂದವರ ವೈಫೈಗೆ ಸೇರಿತ್ತು. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಮಾತ್ರ ಸಿಗುತ್ತದೆ, ಮನೆಯೊಳಗಿನ ಸಾಧನ ಕಾಣುವುದಿಲ್ಲ. ವೈಫೈ ಬದಲಾಯಿಸಿದೆ, ಸರಿಹೋಯಿತು.

ಎರಡನೆಯದು ವೇಗ. ಮೊದಲೆಲ್ಲ ಒಂದು ಕ್ಯಾಸೆಟ್ಟಿನ ಫೈಲ್ ಹತ್ತು ಸೆಕೆಂಡಿಗೆ ಹೋಗುತ್ತಿತ್ತು. ಈಗ ಒಂದೂವರೆ ನಿಮಿಷ. ಕಾಪಿ ಆಗುವಾಗ ನೋಡಿದರೆ ಸೆಕೆಂಡಿಗೆ 11 ಎಂಬಿ ಹತ್ತಿರ ನಿಂತಿದೆ, ಮೇಲೆ ಏಳುವುದೇ ಇಲ್ಲ. ಈ 11 ಅನ್ನುವ ಅಂಕೆ ಕಂಡರೆ ಒಂದನ್ನು ಅನುಮಾನಿಸಬೇಕಂತೆ. ಗಿಗಾಬಿಟ್ (1000 ಮೆಗಾಬಿಟ್) ಇರಬೇಕಾದ ಲ್ಯಾನ್ 100 ಮೆಗಾಬಿಟ್‌ಗೆ ಇಳಿದಿದೆ ಅಂತ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100ನ್ನು 8ರಿಂದ ಭಾಗಿಸಿದರೆ ಹನ್ನೆರಡೂವರೆ, ಅದರಲ್ಲಿ ಖರ್ಚು ಕಳೆದರೆ 11 ಚಿಲ್ಲರೆ. ನ್ಯಾಸ್‌ನ ನೆಟ್‌ವರ್ಕ್ ಪುಟದಲ್ಲೂ 100 ಅಂತಲೇ ಇತ್ತು. ಹೊಸ ಬಾಕ್ಸಿನ ಬೆನ್ನಿಗೆ ಟಾರ್ಚ್ ಬಿಟ್ಟು ನೋಡಿದೆ. ನಾಲ್ಕು ತೂತು, ಅದರಲ್ಲಿ ಮೊದಲನೆಯದರ ಕೆಳಗೆ ಮಾತ್ರ ಸಣ್ಣಕ್ಷರದಲ್ಲಿ ಗಿಗಾಬಿಟ್ ಗುರುತು. ನಮ್ಮದನ್ನು ಮೂರನೆಯದಕ್ಕೆ ಚುಚ್ಚಿದ್ದರು. ಬದಲಾಯಿಸಿದ ಕೂಡಲೇ 100 ಹೋಗಿ 1000 ಬಂತು. ನಿಮ್ಮದರಲ್ಲಿ ಹಾಗೂ ಸರಿಹೋಗದಿದ್ದರೆ ವೈರು ಬದಲಾಯಿಸಿ ನೋಡಿ. ಗಿಗಾಬಿಟ್‌ಗೆ ವೈರಿನ ಒಳಗಿನ ಎಂಟೂ ಎಳೆ ಸರಿ ಇರಬೇಕು. 100ಕ್ಕೆ ನಾಲ್ಕೇ ಸಾಕು, ಹಾಗಾಗಿ ಒಂದು ಎಳೆ ಸತ್ತರೂ ವೈರು ಸರಿಯಾಗಿದೆ ಅಂತಲೇ ಅನ್ನಿಸುತ್ತದೆ.

ಮೂರನೆಯದೇ ದೊಡ್ಡದು. ಮ್ಯೂನಿಕ್‌ನಿಂದ ಅವನಿಗೆ ಅಜ್ಜನ ಕ್ಯಾಸೆಟ್ಟು ಕೇಳಲು ಆಗುತ್ತಿರಲಿಲ್ಲ.

ಮೊದಲು ರೂಟರಿನಲ್ಲಿ ಒಂದು ಪೋರ್ಟ್ ತೆರೆದಿಟ್ಟಿದ್ದೆವು. ಹೊರಗಿನಿಂದ ನಮ್ಮ ಮನೆಯ ವಿಳಾಸಕ್ಕೆ ಬಂದ ಕರೆ ನೇರವಾಗಿ ನ್ಯಾಸ್‌ಗೆ ಹೋಗುತ್ತಿತ್ತು. ಹೊಸ ಕಂಪನಿಯಲ್ಲಿ ನಮ್ಮ ಮನೆಗೆ ಅಂತ ಹೊರಗಿನ ವಿಳಾಸವೇ ಇಲ್ಲ. ಬಾಕ್ಸಿನ ಪಾಸ್‌ವರ್ಡ್ ಕಡೆಗೂ ಆ ಲೈನ್ ಹುಡುಗನೇ, ನಾನು ಕ್ಯಾಸೆಟ್ಟಿನ ಕಥೆ ಹೇಳಿದ ಮೇಲೆ, ಬಂದು ಕೊಟ್ಟ. ಒಳಗೆ ನೋಡಿದರೆ ಹೊರಗಿನ ಐಪಿ ಅಂತ 100.72 ಎಂದು ಶುರುವಾಗುವ ಅಂಕೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ, ಹೊರಗಿನ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಏರ್ಪಾಡಿಗೆಂದೇ ಎತ್ತಿಟ್ಟಿದ್ದಾರೆ. ಇದನ್ನು ಸಿಜಿನ್ಯಾಟ್ ಅಂತಾರೆ. ಹಳೇ ರೀತಿಯ ಐಪಿ ವಿಳಾಸಗಳು ಇರುವುದೇ ಸುಮಾರು 429 ಕೋಟಿ, ಅವು ಸಾಲದೆ ಬಂದ ಏರ್ಪಾಡು.

ವಠಾರ ಗೊತ್ತಲ್ಲ? ಹತ್ತು ಮನೆ, ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್. ಒಳಗಿನವರು ಹೊರಗೆ ಹೋಗಿ ಬರಲು ಏನೂ ತೊಂದರೆ ಇಲ್ಲ. ಹೊರಗಿನವರು ಬಂದರೆ ಯಾರ ಮನೆಗೆ ಅಂತ ಬಾಗಿಲಿಗೆ ಗೊತ್ತಾಗುವುದಿಲ್ಲ. ನಮ್ಮ ಮನೆಯ ಬಾಗಿಲು ಎಷ್ಟು ತೆರೆದಿಟ್ಟರೂ ವಠಾರದ ಬಾಗಿಲು ನಮ್ಮ ಕೈಯಲ್ಲಿಲ್ಲ. ನಮಗೇ ಅಂತ ವಿಳಾಸ ಬೇಕಾದರೆ ತಿಂಗಳು ತಿಂಗಳು ಜಾಸ್ತಿ ದುಡ್ಡು ಕೊಡಬೇಕು ಅಂದರು.

ಕೊಡಲಿಲ್ಲ. ಸಿನಾಲಜಿಯಲ್ಲೇ ಕ್ವಿಕ್‌ಕನೆಕ್ಟ್ ಅಂತ ಉಚಿತ ಸೇವೆ ಇದೆ. ಸಿನಾಲಜಿ ಖಾತೆ ತೆರೆದು, ನಮ್ಮ ಪೆಟ್ಟಿಗೆಗೆ ಒಂದು ಹೆಸರಿಟ್ಟರೆ ಸಾಕು. ಪೆಟ್ಟಿಗೆ ತಾನೇ ಹೊರಗೆ ಹೋಗಿ ಅವರ ಸರ್ವರಿನ ಜೊತೆ ಸಂಪರ್ಕ ಇಟ್ಟುಕೊಂಡಿರುತ್ತದೆ. ಅವನು ಅಲ್ಲಿಂದ ಆ ಹೆಸರು ಹಾಕಿದರೆ, ನೇರ ದಾರಿ ಸಿಗದಿದ್ದಾಗ ಸರ್ವರಿನ ಮೂಲಕ ಎರಡೂ ಕಡೆ ಜೋಡಿಸಿಕೊಡುತ್ತದೆ. ಸುತ್ತು ದಾರಿ ಆದ್ದರಿಂದ ದೊಡ್ಡ ಫೈಲ್ ಇಳಿಸಲು ತಡವಾಗುತ್ತದೆ. ಹಾಡು, ಮಾತು ಕೇಳಲು ಏನೂ ಅಡ್ಡಿಯಿಲ್ಲ. ವೇವ್ ಜೊತೆಗೆ ಎಂಪಿ3 ಪ್ರತಿಯನ್ನೂ ಇಟ್ಟಿದ್ದೇನೆ, ಅವನು ಅದನ್ನೇ ಕೇಳುತ್ತಾನೆ.

ನಿಜ ಹೇಳಬೇಕು ಅಂದ್ರೆ ಪೋರ್ಟ್ ಮುಚ್ಚಿದ್ದೇ ಒಳ್ಳೆಯದಾಯಿತು. 2022ರಲ್ಲಿ ಡೆಡ್‌ಬೋಲ್ಟ್ ಅನ್ನುವ ರಾನ್ಸಮ್‌ವೇರ್, ಇಂಟರ್ನೆಟ್‌ಗೆ ನೇರ ತೆರೆದುಕೊಂಡಿದ್ದ ಸಾವಿರಾರು ಜನರ ನ್ಯಾಸ್‌ಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತ್ತು. ನಾವೂ ನಾಲ್ಕು ವರ್ಷ ಬಾಗಿಲು ತೆರೆದಿಟ್ಟೇ ಮಲಗಿದ್ದೆವಲ್ಲ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ವಿಳಾಸವನ್ನು ಪೆಟ್ಟಿಗೆಯೊಳಗೆ ಗಟ್ಟಿ ಮಾಡಿಲ್ಲ. ಪೆಟ್ಟಿಗೆಗೆ ಅಂಟಿಸಿರುವ ಚೀಟಿಯಲ್ಲಿ ಮ್ಯಾಕ್ ನಂಬರ್, ಅಂದರೆ ಆ ಪೆಟ್ಟಿಗೆಯ ಗುರುತಿನ ಅಂಕೆ, ಇರುತ್ತದೆ. ವೈಫೈ ಬಾಕ್ಸಿನ ಒಳಗೆ ಅದನ್ನು ಬರೆದು, ಈ ನಂಬರಿನವರಿಗೆ ಯಾವಾಗಲೂ 192.168.0.50 ಕೊಡು ಅಂತ ಹೇಳಿಟ್ಟೆ. ವಿಳಾಸ ಬದಲಾಗುವುದೂ ಇಲ್ಲ, ನಾಳೆ ಮತ್ತೆ ಕಂಪನಿ ಬದಲಾಯಿಸಿದರೆ ಪೆಟ್ಟಿಗೆ ಒಬ್ಬಂಟಿಯಾಗುವುದೂ ಇಲ್ಲ. ಜಡ್ ಡ್ರೈವನ್ನು ಅಂಕೆಯ ಬದಲು ಪೆಟ್ಟಿಗೆಯ ಹೆಸರಿನಿಂದಲೇ ಜೋಡಿಸಿದ್ದೇನೆ. ಸಣ್ಣ ಯುಪಿಎಸ್‌ನ ಯುಎಸ್‌ಬಿ ವೈರನ್ನು ನ್ಯಾಸ್‌ಗೆ ಹಾಕಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ತುಂಬ ಹೊತ್ತಾದರೆ ಪೆಟ್ಟಿಗೆ ತಾನೇ ಎಲ್ಲ ಮುಚ್ಚಿಟ್ಟುಕೊಂಡು ಸುರಕ್ಷಿತವಾಗಿ ನಿಲ್ಲುತ್ತದೆ.

ಮನೆಯಲ್ಲಿ ನ್ಯಾಸ್ ಇದ್ದು ಇಂಟರ್ನೆಟ್ ಬದಲಾಯಿಸುವವರು, ಹಳೇ ರೂಟರ್ ಕೀಳುವ ಮೊದಲೇ ನ್ಯಾಸ್‌ಗೆ ಹೋಗಿ ಡಿಎಚ್‌ಸಿಪಿಗೆ ಬದಲಾಯಿಸಿಡಿ. ಎರಡು ನಿಮಿಷದ ಕೆಲಸ, ನನ್ನ ಮೂರು ದಿನ ಉಳಿಯುತ್ತಿತ್ತು. ಹೊಸ ಕಂಪನಿಯವರಿಗೆ ದುಡ್ಡು ಕೊಡುವ ಮೊದಲು ಬಾಕ್ಸಿನ ಪಾಸ್‌ವರ್ಡ್ ಕೊಡ್ತೀರಾ, ಯಾವ ಪೋರ್ಟ್ ಗಿಗಾಬಿಟ್, ನಮಗೆ ಸ್ವಂತ ಪಬ್ಲಿಕ್ ಐಪಿ ಇರುತ್ತಾ ಅಂತ ಕೇಳಿ. ಮತ್ತೆ ಎರಡು ಡಿಸ್ಕ್ ಇದೆ ಅಂತ ಬೇರೆ ಪ್ರತಿ ಮಾಡದೆ ಕೂರಬೇಡಿ. ಕನ್ನಡಿಯಲ್ಲಿ ಎರಡೂ ಒಂದೇ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಪೆಟ್ಟಿಗೆಯೊಳಗೆ ಫಾರ್ಮ್ಯಾಟ್ ಮಾಡಿದರೆ ಎರಡೂ ಹೋಗುತ್ತವೆ. ನಾನು ಈಗ ತಿಂಗಳ ಮೊದಲ ಭಾನುವಾರ ತಪ್ಪದೆ ಯುಎಸ್‌ಬಿ ಡಿಸ್ಕಿಗೆ ಪ್ರತಿ ಮಾಡುತ್ತೇನೆ. ಅದಕ್ಕೆ ಹೈಪರ್ ಬ್ಯಾಕಪ್ ಅನ್ನುವ ಸಾಧನ ಪೆಟ್ಟಿಗೆಯಲ್ಲೇ ಉಚಿತವಾಗಿ ಸಿಗುತ್ತದೆ. ಎರಡು ಯುಎಸ್‌ಬಿ ಡಿಸ್ಕ್ ಇಟ್ಟುಕೊಂಡಿದ್ದೇನೆ. ಒಂದು ಇಲ್ಲಿರುವಾಗ ಇನ್ನೊಂದು ಶಿವಮೊಗ್ಗದಲ್ಲಿ.

ನನ್ನ ಅಂಕ ಐದಕ್ಕೆ ನಾಲ್ಕೂವರೆ. ಕಳೆದ ಅರ್ಧ ಆ 512 ಎಂಬಿ ಮೆಮೊರಿಗೆ. ಹೆಚ್ಚಿಸಲು ಒಂದು ಜಾಗ ಬಿಟ್ಟಿದ್ದರೆ ಇನ್ನೂ ಐದು ವರ್ಷ ಯೋಚನೆ ಇರುತ್ತಿರಲಿಲ್ಲ.

ಇಳಿಸುವುದು ಇನ್ನು 23 ಕ್ಯಾಸೆಟ್ಟು ಬಾಕಿ ಇದೆ. ಇವತ್ತಿನದು 1987ರದ್ದು, ಕಟ್ಟಿನಕೆರೆ ಅಂತ ಅಪ್ಪನ ಕೈಬರಹ ಇದೆ, ಉಳಿದದ್ದು ಶಾಯಿ ಹರಡಿ ಅಳಿಸಿದೆ. ಊರು, ತಾರೀಕು ಶುರುವಿನಲ್ಲಿ ಅವರೇ ಹೇಳಿರುತ್ತಾರೆ.